ಕಾಯಿಕೊರಕ

ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ನನ್ನ ಕೆಲಸ ತೂತು ಹುಡುಕುವುದು.
ಬೆಲ್ಟಿನ ಮೇಲೆ ಸರಿದು ಬರುವ ಕಾಫಿಬೀಜದಲ್ಲಿ
ಕಪ್ಪಾದದ್ದು, ಒಡೆದದ್ದು, ಹುಳ ಕೊರೆದದ್ದು
ಆರಿಸಿ ತೆಗೆಯಬೇಕು.
ಕಾಯಿಕೊರಕ ಮಾಡುವ ತೂತು
ಸೂಜಿಮೊನೆಗಿಂತ ದೊಡ್ಡದಿರುವುದಿಲ್ಲ.
ಹನ್ನೊಂದು ವರ್ಷದಲ್ಲಿ ಒಂದೂ ಇವಳ ಕಣ್ಣು ತಪ್ಪಿಸಿಲ್ಲವೆಂದು
ಪಾರ್ವತಕ್ಕ ಹೊಸಬರಿಗೆ ಹೇಳುತ್ತಾಳೆ.

ಮನೆಯಲ್ಲಿ ತೀರ್ಥೇಶ
ತುಂಬುತೋಳಿನ ಅಂಗಿಯಲ್ಲೇ ಮಲಗುತ್ತಿದ್ದ.
ದಿನವಿಡೀ ಮಾಂದಲಪಟ್ಟಿಗೆ ಜೀಪು ಹತ್ತಿಸುವವನು,
ಮೇಲಿನ ಚಳಿ ಮೈಗೆ ಹಿಡಿದಿದೆ ಅನ್ನುತ್ತಿದ್ದ.
ನಂಬಿದೆ.
ಏಪ್ರಿಲ್ಲಿನಲ್ಲೂ ನಂಬಿದೆ.

ಗೊತ್ತಾದ ದಿನ ಅತ್ತ. ಆಮೇಲೆ ಒಂಥರಾ ಹೆಮ್ಮೆಯಿಂದ
ಜೀಪಿನ ಡ್ಯಾಶ್‌ಬೋರ್ಡಿನಿಂದ ಒಂದು ಕವರು ತಂದು ತೋರಿಸಿದ:
ನೋಡು, ಎಲ್ಲ ಹೊಸವು. ರಾಬಿನ್ ತಂದುಕೊಡುತ್ತಾನೆ,
ಅವನೂ ಮೊದಲು ನಮ್ಮ ಹಾಗೇ ಇದ್ದವನು.
ಈಗ ಯಾರ ಸೂಜಿಯನ್ನೂ ನಾನು ಮುಟ್ಟುವುದಿಲ್ಲ,
ನನ್ನದು ಯಾರಿಗೂ ಕೊಡುವುದಿಲ್ಲ.
ಈಗ ಅಂದರೆ?
ಹಾರಂಗಿ ಹಿನ್ನೀರಿನ ಹತ್ತಿರ ಮೂವರಿಗೆ ಒಂದೇ ಇದ್ದದ್ದು
ಹೋದ ಮಳೆಗಾಲದ ಮಾತು.
ಬಿಸಿನೀರಲ್ಲಿ ತೊಳೆದಿದ್ದೆವು, ಅಂದ,
ಲೋಟ ತೊಳೆದೆವು ಅನ್ನುವ ಹಾಗೆ.

ಅದೇ ಕವರಿನಲ್ಲಿ ನಿರೋಧದ ಪಟ್ಟಿಯೂ ಇತ್ತು,
ಬಿಸಿಲಿಗೆ ಬಣ್ಣ ಬಿಟ್ಟು.
ಒಂದೂ ಹರಿದಿರಲಿಲ್ಲ.
ಇದು?
ನನ್ನ ಪ್ರಶ್ನೆ ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ.
ನಿನ್ನ ಹತ್ತಿರ ಯಾಕೆ?
ನೀನು ನನ್ನವಳಲ್ಲವಾ?

ಮಡಿಕೇರಿಯ ದೊಡ್ಡಾಸ್ಪತ್ರೆ. ಬಾಗಿಲಿಗೆ ಹಸಿರು ಪರದೆ.
ಬೊಳ್ಳಮ್ಮ ಮೇಡಂ ಕೇಳುತ್ತ ಬರೆದರು.
ಸೂಜಿಯ ಪ್ರಶ್ನೆಗಳು ಹಾಳೆಯ ಈ ಕಡೆ,
ಹಾಸಿಗೆಯವು ಆ ಕಡೆ.
ಈ ಕಡೆಯದಕ್ಕೆ ಪಟಪಟ ಉತ್ತರಿಸಿದ.
ಹಾಳೆ ಮಗುಚಿದಾಗ ಫ್ಯಾನು ನೋಡಿದ.
ಮತ್ತಿನಲ್ಲಿದ್ದಾಗ ಬೇರೆ ಯಾರಾದರೂ?
ಒಮ್ಮೆ.
ಎರಡು ಸಲ.
ನೆನಪಿಲ್ಲ.
ನೆನಪಿಲ್ಲ ಎಂಬುದಕ್ಕೆ ಫಾರ್ಮಿನಲ್ಲಿ ಜಾಗವಿರಲಿಲ್ಲ,
ಮೇಡಂ ಅಂಚಿನಲ್ಲಿ ಬರೆದುಕೊಂಡರು.

ನನ್ನ ಸರದಿ. ನೋವಿಲ್ಲದೆ ಬಂದು ಮಾಯವಾದ ಒಂದು ಹುಣ್ಣು,
ಆಮೇಲೆ ಅಂಗೈ ತುಂಬ ಎದ್ದ ಕಲೆ.
ಕಾಫಿ ಹೊಟ್ಟಿನ ಅಲರ್ಜಿ ಅಂತ
ಕೊಬ್ಬರಿ ಎಣ್ಣೆ ಹಚ್ಚಿದ್ದು.
ಎಲ್ಲ ಹೇಳಿದೆ, ಅವನೆದುರಿಗೇ.

ನನ್ನ ತೋಳಿಗೆ ರಬ್ಬರ್ ಪಟ್ಟಿ ಬಿಗಿದಾಗ
ಕತ್ತಲಲ್ಲೂ ನರ ಹುಡುಕಬಲ್ಲ ಗಂಡಸು
ಮುಖ ಆಚೆ ತಿರುಗಿಸಿದ.

ಎಚ್‌ಐವಿ ಇಬ್ಬರಿಗೂ ಇಲ್ಲ, ಸದ್ಯಕ್ಕೆ.
ಅವನಿಗೆ ಹೆಪಟೈಟಿಸ್ ಸಿ. ಮಾತ್ರೆ ಇದೆ, ವಾಸಿಯಾಗುತ್ತದೆ.
ಸಿಫಿಲಿಸ್ ಇಬ್ಬರಿಗೂ. ಅದೂ ವಾಸಿಯಾಗುತ್ತದೆ,
ಸೊಂಟಕ್ಕೆ ಪೆನಿಸಿಲಿನ್ ಸೂಜಿ.
ಸೂಜಿಯಾ? ಅಂದೆ.
ನಗು ಬಂತು. ಮೇಡಂಗೂ ಬಂತು, ತಡೆದುಕೊಂಡರು.
ಅವನು ನಗಲಿಲ್ಲ.

ಸುಂಟಿಕೊಪ್ಪದವರೆಗೂ ಬಸ್ಸಿನಲ್ಲಿ ಮಾತಿಲ್ಲ.
ಆಮೇಲೆ ಕೇಳಿದ, ನಂಬಿಕೆ ಹೋಯಿತಾ?
ಮೇಡಂ ಕೊಟ್ಟ ಹೊಸ ಪಟ್ಟಿ ಚೀಲದಿಂದ ತೆಗೆದೆ,
ಹಿಂದೆ ಅಚ್ಚಾದ ತಾರೀಕು ಗಟ್ಟಿಯಾಗಿ ಓದಿದೆ.
ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು.
ನೋಡಲಿ.
ಇದನ್ನು ಜೀಪಿನಲ್ಲಿ ಇಡಬೇಡ, ಅಂದೆ,
ಬಿಸಿಲಿಗೆ ಕೆಡುತ್ತದಂತೆ.
ಮನೆಯಲ್ಲೇ ಇರಲಿ, ಕೈಗೆ ಸಿಗುವಲ್ಲಿ.

ಮೂರು ತಿಂಗಳ ಮೇಲೆ ಮತ್ತೆ ರಕ್ತ ಕೊಡಬೇಕು.
ಕ್ಯಾಲೆಂಡರಿನಲ್ಲಿ ಜನವರಿ ಹತ್ತೊಂಬತ್ತಕ್ಕೆ ಗೀಟು ಹಾಕಿದ್ದೇನೆ,
ಗ್ಯಾಸ್ ಬುಕ್ ಮಾಡುವ ದಿನದ ಪಕ್ಕ.
ಅಷ್ಟು ಹೊತ್ತಿಗೆ ಹೊಸ ಕೊಯ್ಲಿನ ಬೀಜ ಬೆಲ್ಟಿಗೆ ಬಂದಿರುತ್ತದೆ.

ಸೂಜಿ ಅವನು ಬಿಟ್ಟಿಲ್ಲ.
ಬಿಡುತ್ತೇನೆಂಬ ಸುಳ್ಳನ್ನೂ ಹೇಳಿಲ್ಲ.
ಇವತ್ತು ಬೆಳಿಗ್ಗೆ ಮಾತ್ರ
ತೋಳು ಮೇಲಕ್ಕೆ ಮಡಚಿ, ಕಿಟಕಿಯ ಬೆಳಕಿಗೆ
ಚಾ ಕುಡಿಯಲು ಕೂತ.
ನಾನು ಎಣಿಸಲಿಲ್ಲ.
ಕೆಲಸಕ್ಕೆ ಹೊತ್ತಾಗಿತ್ತು.